ಶೂನ್ಯತೆಗಳಿಂದ ಬಹುಪದೋಕ್ತಿ ಕಟ್ಟುವುದು ಹೇಗೆ?

ಬಹುಪದೋಕ್ತಿ ಕೊಟ್ಟು ಶೂನ್ಯತೆ (ಅದರ ಬೆಲೆಯನ್ನು ಸೊನ್ನೆ ಮಾಡುವ ಸಂಖ್ಯೆ) ಕೇಳಿದರೆ ಎಸ್ಸೆಸ್ಸೆಲ್ಸಿ ಮಕ್ಕಳು ತಕ್ಷಣ ಬರೆಯುತ್ತಾರೆ. ಶೂನ್ಯತೆ ಕೊಟ್ಟು ಬಹುಪದೋಕ್ತಿ ಕೇಳಿದರೆ ತಡವರಿಸುತ್ತಾರೆ. ಕೋಲಾರ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಬಂದಾಗ ಇಂಗ್ಲಿಷ್ ಗಣಿತ ಎದುರಿಸುವ ಮಕ್ಕಳು ಬಹಳ. ಅವರಿಗೆ ಇದು ಹತ್ತನೇ ತರಗತಿಯಲ್ಲೇ ಗಟ್ಟಿಯಾಗಬೇಕು.

ಒಂದು ಲೆಕ್ಕ ಹಿಡಿಯೋಣ. ಚರಾಕ್ಷರ ‘ಯ’ ಇರಲಿ. ಶೂನ್ಯತೆಗಳು 2 ಮತ್ತು −1. ಇದರಲ್ಲಿ 2 ಎರಡು ಸಲ ಬರುತ್ತದೆ. ಯ = 3 ಆದಾಗ ಬಹುಪದೋಕ್ತಿಯ ಬೆಲೆ 12.

ಮೊದಲು ಪ್ರತಿ ಶೂನ್ಯತೆಗೂ ಅದರ ಅಪವರ್ತನ ಬರೆಯಿರಿ. 2ಕ್ಕೆ (ಯ − 2), −1ಕ್ಕೆ (ಯ + 1). ಚಿಹ್ನೆ ತಿರುಗುವುದು ಏಕೆಂದರೆ, ಯ = −1 ಹಾಕಿದಾಗ ಆವರಣ ಸೊನ್ನೆಯಾಗಲೇಬೇಕು.

ಎರಡು ಸಲ ಬರುವ ಶೂನ್ಯತೆಯ ಅಪವರ್ತನವನ್ನು ವರ್ಗ ಮಾಡಿ, ಮುಂದೆ ಒಂದು ಸ್ಥಿರಾಂಕ ಇಡಿ: ಅ(ಯ − 2)²(ಯ + 1). ಹೆಚ್ಚಿನವರು ಈ ‘ಅ’ವನ್ನೇ ಮರೆಯುತ್ತಾರೆ. ಶೂನ್ಯತೆಗಳಷ್ಟೇ ಗೊತ್ತಿದ್ದರೆ ಉತ್ತರ ಒಂದಲ್ಲ, ಅಸಂಖ್ಯ. ಅವುಗಳಲ್ಲಿ ಒಂದನ್ನು ಆರಿಸುವುದು ಆ ಹೆಚ್ಚುವರಿ ಬೆಲೆ. ಯ = 3 ಹಾಕಿದರೆ ಅ × 1 × 4 = 12, ಹಾಗಾಗಿ ಅ = 3.

ಬಿಡಿಸುವ ಕೆಲಸ ಕೊನೆಗಿರಲಿ. (ಯ² − 4ಯ + 4)(ಯ + 1) = ಯ³ − 3ಯ² + 4. ಮೂರರಿಂದ ಗುಣಿಸಿದರೆ 3ಯ³ − 9ಯ² + 12.

‘ಯ’ ಇರುವ ಪದ ಎಲ್ಲಿ ಹೋಯಿತು ಎಂದು ಗಾಬರಿ ಬೇಡ. ಶೂನ್ಯತೆಗಳನ್ನು ಎರಡೆರಡಾಗಿ ಗುಣಿಸಿ ಕೂಡಿ: 4 − 2 − 2 = 0. ಹಾಗಾಗಿ ಆ ಪದದ ಸಹಗುಣಕವೂ (‘ಯ’ದ ಮುಂದಿನ ಸಂಖ್ಯೆ) ಸೊನ್ನೆ. ಮೊತ್ತವನ್ನೂ ತಾಳೆ ನೋಡಿ: 2 + 2 − 1 = 3. ಯ²ದ ಸಹಗುಣಕದ ಚಿಹ್ನೆ ತಿರುಗಿಸಿ ಯ³ದ ಸಹಗುಣಕದಿಂದ ಭಾಗಿಸಿದರೂ ಅದೇ: 9 ÷ 3. ಇಲ್ಲಿ 2ನ್ನು ಒಂದೇ ಸಲ ಎಣಿಸಿದರೆ ತಾಳೆಯಾಗುವುದಿಲ್ಲ.

ನಕ್ಷೆ ಬರೆದು ನೋಡಿ, ಈ ವಿಷಯದ ಸೊಗಸೆಲ್ಲ ಅಲ್ಲಿದೆ. −1ರಲ್ಲಿ ರೇಖೆ ಅಕ್ಷವನ್ನು ದಾಟುತ್ತದೆ. 2ರಲ್ಲಿ ಬರೀ ಮುಟ್ಟಿ ಮೇಲಕ್ಕೆ ತಿರುಗುತ್ತದೆ. ಬೆಸ ಸಲ ಬಂದರೆ ದಾಟು, ಸಮ ಸಲ ಬಂದರೆ ಮುಟ್ಟಿ ವಾಪಸು.

ಶೂನ್ಯತೆ 1 + √2 ಆಗಿದ್ದು, ಸಹಗುಣಕಗಳು ಭಾಗಲಬ್ಧ ಸಂಖ್ಯೆಗಳಾಗಿರಬೇಕಿದ್ದರೆ 1 − √2 ಕೂಡ ಜೊತೆಗೆ ಬರಲೇಬೇಕು. ಮೊತ್ತ 2, ಗುಣಲಬ್ಧ −1; ಪಠ್ಯದ ಸೂತ್ರದಂತೆ, ಅಂದರೆ ಯ² − (ಮೊತ್ತ)ಯ + ಗುಣಲಬ್ಧ, ಯ² − 2ಯ − 1.

ಈಗ ನೀವೇ ಮಾಡಿ: ಶೂನ್ಯತೆ 0 ಎರಡು ಸಲ, 3 ಒಂದು ಸಲ; ಯ = 1 ಆದಾಗ ಬೆಲೆ 4. ಉತ್ತರ: −2ಯ³ + 6ಯ².