ಕಾರಿಗೆ ಯಾರೋ ಗೀಚಿ ಹೋದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ದುಡ್ಡು ಕೊಡುತ್ತಾ?

ಕೊಡಲ್ಲ. ರಾತ್ರಿ ಮನೆ ಮುಂದೆ ನಿಲ್ಲಿಸಿದ ಕಾರಿನ ಮೇಲೆ ಬೆಳಿಗ್ಗೆ ಮುಂದಿನ ಡೋರಿನಿಂದ ಹಿಂದಿನ ಡೋರಿನ ತನಕ ಕೀಲಿಯಲ್ಲಿ ಎಳೆದ ಗೆರೆ ಕಂಡರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಪಾಲಿಸಿ ಇರುವುದು ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಅದರ ಜೊತೆ ಬೆಂಕಿ, ಕಳ್ಳತನ ಮಾತ್ರ ಸೇರಿಸಿಕೊಂಡಿದ್ದರೂ ಗೀಚಿದ್ದಕ್ಕೆ, ಗಾಜು ಒಡೆದದ್ದಕ್ಕೆ ಏನೂ ಸಿಗಲ್ಲ.

ಬೇಕಾಗಿರುವುದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಸ್ವಂತ ಕಾರಿಗೆ ಆಗುವ ಹಾನಿಗೆ ಇರುವ ಪಾಲಿಸಿ. ಬೇಕಂತಲೇ ಮಾಡಿದ ಹಾನಿ, ಗಲಭೆಯಲ್ಲಿ ಕಲ್ಲು ಬಿದ್ದದ್ದು ಎರಡೂ ಅದರಲ್ಲಿ ಬರುತ್ತವೆ. ಈಗಲೇ ಪಾಲಿಸಿ ತೆಗೆದು ನೋಡಿ. ಓನ್ ಡ್ಯಾಮೇಜ್ ಅನ್ನುವ ಕಡೆ ಪ್ರೀಮಿಯಂ ಮೊತ್ತ ಇದೆಯಾ, ಅದರ ಕೊನೆ ದಿನ ಯಾವುದು? ಹೊಸ ಕಾರು ಕೊಂಡವರು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಆದರೆ ಓನ್ ಡ್ಯಾಮೇಜ್ ಎಷ್ಟೋ ಸಲ 1 ವರ್ಷಕ್ಕೇ ಮುಗಿದಿರುತ್ತದೆ, ಮಾಲೀಕರು ಮಾತ್ರ ಇನ್ನೂ 2 ವರ್ಷ ಇದೆ ಅಂದುಕೊಂಡೇ ಓಡಾಡುತ್ತಿರುತ್ತಾರೆ. ಮುಗಿದಿದ್ದರೆ ಓನ್ ಡ್ಯಾಮೇಜ್ ಒಂದನ್ನೇ ಬೇರೆಯಾಗಿ ಕೊಳ್ಳಬಹುದು, 2019ರಿಂದ ಆ ಸೌಲಭ್ಯ ಇದೆ. ಆಗಲೇ ಆಗಿರುವ ಹಾನಿಗೆ ಮಾತ್ರ ಅದು ಬರಲ್ಲ.

ಪಾಲಿಸಿ ಇದೆ ಅಂತಾದರೆ ಕಾರನ್ನು ಒರೆಸಬೇಡಿ, ಗ್ಯಾರೇಜಿಗೂ ಒಯ್ಯಬೇಡಿ. ಮೊದಲು ಫೋಟೋ ತೆಗೆಯಿರಿ, ನಂಬರ್ ಪ್ಲೇಟ್ ಕಾಣುವ ಹಾಗೆ ಒಂದು, ಹತ್ತಿರದಿಂದ ನಾಲ್ಕು. ಎದುರು ಮನೆಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಕೇಳಿ ಇಟ್ಟುಕೊಳ್ಳಿ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ದಿನ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡಿದ ಮೇಲೆಯೇ ರಿಪೇರಿ.

ಕ್ಲೇಮ್ ಹಾಕುವ ಮುಂಚೆ ಒಂದು ಲೆಕ್ಕ ಹಾಕಿ. ಎರಡು ಡೋರಿನ ಪೇಂಟಿಂಗ್‌ಗೆ 6,000 ಅನ್ನಿ. ಅದರಲ್ಲಿ ಕಾಲು ಭಾಗ, ಅಂದರೆ 1,500 ಬಣ್ಣದ ಬೆಲೆ ಅಂತ ಹಿಡಿದು ಅದರ ಅರ್ಧ, 750, ಸವಕಳಿ ಅಂತ ಕಳೆಯುತ್ತಾರೆ. 1,500 ಸಿಸಿವರೆಗಿನ ಕಾರಿಗೆ ಇನ್ನೂ 1,000 ನಿಮ್ಮ ಕೈಯಿಂದಲೇ. ಉಳಿದದ್ದು 4,250. ಐದು ವರ್ಷ ಕ್ಲೇಮ್ ಮಾಡದೆ ನಿಮಗೆ 50% ನೋ ಕ್ಲೇಮ್ ಬೋನಸ್ (ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಬಂದಿದ್ದರೆ, ಬೋನಸ್ ಕಳೆಯುವ ಮೊದಲು ಓನ್ ಡ್ಯಾಮೇಜ್ ಪ್ರೀಮಿಯಂ 10,000 ಇರುವ ಕಾರಿಗೆ ಮುಂದಿನ ವರ್ಷ ಒಂದರಲ್ಲೇ 5,000 ಕಳೆದುಕೊಳ್ಳುತ್ತೀರಿ, ಆಮೇಲೆ ಮತ್ತೆ 20%ರಿಂದ ಮೇಲೆ ಹತ್ತಬೇಕು. ಹಾಗಾಗಿ ಬರೀ ಗೀಚಿದ್ದಾದರೆ ಸ್ವಂತ ದುಡ್ಡಲ್ಲಿ ಮಾಡಿಸುವುದೇ ವಾಸಿ. ವಿಂಡ್‌ಶೀಲ್ಡ್, ಹೆಡ್‌ಲೈಟ್, ಬಾನೆಟ್ ಎಲ್ಲ ಹೋಗಿದ್ದರೆ ಧೈರ್ಯವಾಗಿ ಕ್ಲೇಮ್ ಹಾಕಿ. ಗಾಜಿಗೆ ಸವಕಳಿ ಕಳೆಯುವುದಿಲ್ಲ.

ಟೈರ್ ಮಾತ್ರ ಕೊಯ್ದು ಹೋಗಿದ್ದರೆ ಮಾಮೂಲಿ ಪಾಲಿಸಿಯಲ್ಲಿ ಸಿಗಲ್ಲ. ಕಾರಿಗೂ ಪೆಟ್ಟಾಗಿದ್ದರೆ ಟೈರಿನ ಅರ್ಧ ಬೆಲೆ. ಸೀಟಿನ ಮೇಲಿದ್ದ ಲ್ಯಾಪ್‌ಟಾಪ್‌ಗೂ ಇಲ್ಲ.

ಕಂಪನಿ ಸುಮ್ನೆ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಅವರ ದೂರು ವಿಭಾಗಕ್ಕೆ ಬರೆದು 30 ದಿನ ಕಳೆದರೂ ಸರಿಹೋಗದಿದ್ದರೆ ಇಂಥ ತಕರಾರು ಬಗೆಹರಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ.