ರಸ ಬೇಡ, ಕೊಬ್ಬು ಸಾಕು: ಓವನ್‌ನಲ್ಲಿ ಎಳೆ ಕುರಿಯ ತೊಡೆ, ಜೊತೆಗೆ ಆಲೂಗಡ್ಡೆ

ಎಳೆ ಕುರಿಯ ತೊಡೆಯನ್ನು ಆಲೂಗಡ್ಡೆಯ ಜೊತೆ ಓವನ್‌ನಲ್ಲಿ ಬೇಯಿಸಲು ಶುರುಮಾಡಿದಾಗ ನನಗೆ ಕೈಕೊಟ್ಟದ್ದು ಮಾಂಸವಲ್ಲ, ಆಲೂಗಡ್ಡೆ. ಹೋಳುಗಳನ್ನು ಟ್ರೇಯಲ್ಲಿ ಹರಡಿ, ಮೇಲೆ ತೊಡೆಯನ್ನಿಟ್ಟು, ಎರಡನ್ನೂ ಒಟ್ಟಿಗೇ ಬೇಯಲು ಬಿಡುತ್ತಿದ್ದೆ. ಹೊರಗೆ ತೆಗೆಯುವಾಗ ಮಾಂಸ ಚೆನ್ನಾಗಿ ಕೆಂಪಗಾಗಿರುತ್ತಿತ್ತು. ಕೆಳಗಿನ ಆಲೂಗಡ್ಡೆ ಮಾತ್ರ ಬಿಳಿಚಿಕೊಂಡು, ಮೆತ್ತಗಾಗಿ, ರಸದಲ್ಲಿ ಅರ್ಧ ಮುಳುಗಿರುತ್ತಿತ್ತು. ರುಚಿ ಇತ್ತು, ಗರಿಗರಿ ಇರಲಿಲ್ಲ. ನನಗೆ ಬೇಕಿದ್ದದ್ದು ಹಲ್ಲಿಗೆ ಸಿಕ್ಕಾಗ ಕರಕರ ಎನ್ನುವ, ಒಳಗೆ ಹಿಟ್ಟಿನಂತೆ ಉದುರುವ ಹೋಳು.

ಕಾರಣ ತಿಳಿದ ಮೇಲೆ ದಾರಿಯೂ ಸಿಕ್ಕಿತು. ಬೇಯುವ ಮಾಂಸ ನೀರು ಬಿಡುತ್ತದೆ. ಟ್ರೇಯಲ್ಲಿ ಆ ನೀರು ಇರುವಷ್ಟು ಹೊತ್ತು, ಅದರಲ್ಲಿ ಕುಳಿತ ಹೋಳಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹೊಂಬಣ್ಣ ಬರುವುದಕ್ಕೆ ಸುಮಾರು 140 ಡಿಗ್ರಿಯಾದರೂ ಬೇಕು. ಮಾಂಸಕ್ಕೆ ಬೇಕಾದದ್ದು ಹದವಾದ ಶಾಖ, ಆಲೂಗಡ್ಡೆಗೆ ಬೇಕಾದದ್ದು ಒಣ, ಜೋರು ಶಾಖ. ಹಾಗಾಗಿ ಈಗ ಟ್ರೇ ಎರಡು. ಮಾಂಸದಿಂದ ಆಲೂಗಡ್ಡೆಗೆ ಹೋಗುವುದು ಕೊಬ್ಬು ಮಾತ್ರ, ರಸವಲ್ಲ.

ಮೂಳೆ ಇರುವ ಎರಡು ಕಿಲೋ ತೂಕದ ತೊಡೆಯನ್ನು ತರುತ್ತೇನೆ. ಹಿಂದಿನ ರಾತ್ರಿಯೇ ಸುಮಾರು 20 ಗ್ರಾಂ ಉಪ್ಪನ್ನು ಎಲ್ಲ ಕಡೆ ತಿಕ್ಕಿ, ಮುಚ್ಚದೆ ಫ್ರಿಜ್‌ನಲ್ಲಿ ಇಡುತ್ತೇನೆ. ಮೊದಲು ಉಪ್ಪು ನೀರನ್ನು ಹೊರಗೆಳೆಯುತ್ತದೆ, ಆಮೇಲೆ ಆ ಉಪ್ಪುನೀರು ಮತ್ತೆ ಮಾಂಸದೊಳಗೆ ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೇಲ್ಮೈ ಒಣಗಿ ಬಿಗಿಯಾಗಿರುತ್ತದೆ. ಒಣಗಿದ ಮೇಲ್ಮೈಗೆ ಬಣ್ಣ ಬೇಗ ಹತ್ತುತ್ತದೆ.

ಬೇಯಿಸುವ ಒಂದು ಗಂಟೆ ಮುಂಚೆ ಹೊರಗೆ ತೆಗೆದು ಬೆಳ್ಳುಳ್ಳಿ ತುಂಬುತ್ತೇನೆ. ಇಲ್ಲಿ ಅವಸರ ಮಾಡಬಾರದು. ಚೂಪಾದ ಸಣ್ಣ ಚಾಕುವನ್ನು ಓರೆಯಾಗಿ ಒಂದು ಅಂಗುಲ ಆಳಕ್ಕೆ ಇಳಿಸಿ, ಹೊರಗೆ ತೆಗೆಯದೆ ತುಸು ಪಕ್ಕಕ್ಕೆ ವಾಲಿಸಿದರೆ ಸಣ್ಣ ಜೇಬು ತೆರೆದುಕೊಳ್ಳುತ್ತದೆ. ಉದ್ದಕ್ಕೆ ಸೀಳಿದ ಬೆಳ್ಳುಳ್ಳಿ ಎಸಳಿಗೆ ರೋಸ್‌ಮೇರಿಯ ನಾಲ್ಕೈದು ಎಲೆ ಒತ್ತಿ ಅದರೊಳಗೆ ತಳ್ಳಿ, ಬೆರಳಿನಿಂದ ಬಾಯಿ ಮುಚ್ಚುತ್ತೇನೆ. ತುದಿ ಹೊರಗೆ ಇಣುಕಿದರೆ ಅದು ಸುಟ್ಟು ಕಹಿಯಾಗುತ್ತದೆ. ಆ ಕಹಿ ಟ್ರೇಯ ಕೊಬ್ಬಿಗೂ ಇಳಿಯುತ್ತದೆ. ಒಂದು ತೊಡೆಗೆ ಹದಿನೈದು ಜೇಬು ಸಾಕು. ಮೇಲೆ ಎಣ್ಣೆ, ಪುಡಿ ಮಾಡಿದ ಕಾಳುಮೆಣಸು. ಅಷ್ಟೆ.

ಓವನ್ ಮೊದಲ 20 ನಿಮಿಷ 220 ಡಿಗ್ರಿ, ಆಮೇಲೆ 160. ಒಟ್ಟು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಆದರೆ ಗಡಿಯಾರ ನೋಡಿ ಮಾಂಸ ಇಳಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಒಂದೇ ತೂಕದ ಎರಡು ತೊಡೆಗಳಲ್ಲಿ ಒಂದು ದಪ್ಪ, ಮೋಟು. ಇನ್ನೊಂದು ಉದ್ದ, ತೆಳು. ಎರಡೂ ಒಂದೇ ಹೊತ್ತಿಗೆ ಬೇಯುವುದಿಲ್ಲ. ಈ ಅಡುಗೆಗೆ ಒಂದೇ ಒಂದು ಉಪಕರಣ ಕೊಳ್ಳಬೇಕೆಂದರೆ ಅದು ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್. ಅತ್ಯಂತ ದಪ್ಪಗಿರುವ ಕಡೆ, ಮೂಳೆಗೆ ತಗಲದಂತೆ ಚುಚ್ಚಬೇಕು. ಮೂಳೆ ತಾಗಿದರೆ ತಪ್ಪು ಅಂಕಿ ತೋರಿಸುತ್ತದೆ. 55 ಡಿಗ್ರಿಗೆ ಇಳಿಸಿದರೆ ಹೊರಗಿಟ್ಟ ಮೇಲೂ ಬಿಸಿ ಏರಿ 60ರ ಹತ್ತಿರ ನಿಲ್ಲುತ್ತದೆ, ಒಳಗೆ ಗುಲಾಬಿ ಬಣ್ಣ ಉಳಿದಿರುತ್ತದೆ. ಊಟಕ್ಕೆ ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇದ್ದರೆ 65ರವರೆಗೆ ಬಿಡುತ್ತೇನೆ. ಗುಲಾಬಿ ಬಣ್ಣ ಬೇಡ ಎನ್ನುವವರಿಗೂ ಅದೇ ಸರಿ. ಅದನ್ನು ದಾಟಿ 75ಕ್ಕೆ ಹೋದರೆ ತೊಡೆ ಒಣಗಿ ನಾರುನಾರಾಗುತ್ತದೆ.

ಮಾಂಸ ಒಳಗಿರುವಾಗ ಆಲೂಗಡ್ಡೆಯ ಕೆಲಸ. ಬೇಯಿಸಿದರೆ ಹಿಟ್ಟಾಗುವ ಜಾತಿಯದೇ ಆಗಬೇಕು; ಮೇಣದಂತೆ ಗಟ್ಟಿಯಾಗಿ ಉಳಿಯುವ ಜಾತಿ ಇದಕ್ಕೆ ಒಗ್ಗುವುದಿಲ್ಲ. ಒಂದೂವರೆ ಕಿಲೋ ಸಿಪ್ಪೆ ಹೆರೆದು, ದೊಡ್ಡ ಹೋಳು ಮಾಡಿ, ಎರಡು ಲೀಟರ್ ಉಪ್ಪುನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸುತ್ತೇನೆ. ಸೋಡಾದಿಂದ ಹೋಳಿನ ಅಂಚು ಬೇಗ ಸಡಿಲವಾಗುತ್ತದೆ. ನೀರು ಬಸಿದು, ಬಿಸಿ ಪಾತ್ರೆಯಲ್ಲೇ ಐದು ನಿಮಿಷ ಬಿಡುತ್ತೇನೆ. ಹಬೆ ಹೋಗುತ್ತ ಹೋಗುತ್ತ ಹೊಳಪು ಮಾಯವಾಗಿ, ಸುಣ್ಣ ಬಳಿದಂತೆ ಮಂಕು ಬಿಳುಪು ಬರುತ್ತದೆ. ಆಗ ಮುಚ್ಚಳ ಹಾಕಿ ಪಾತ್ರೆಯನ್ನು ನಾಲ್ಕು ಬಾರಿ ಕುಲುಕಿದರೆ ಅಂಚುಗಳು ಒರಟಾಗಿ, ಹೋಳಿನ ಸುತ್ತ ಗಂಜಿಯಂಥ ತೆಳು ಪದರ ಅಂಟಿಕೊಳ್ಳುತ್ತದೆ. ಕೊನೆಗೆ ಕರಕರ ಎನ್ನುವುದು ಈ ಪದರವೇ.

ಮಾಂಸ 40 ಡಿಗ್ರಿ ತೋರಿಸುವ ಹೊತ್ತಿಗೆ ಬೇರೆ ಟ್ರೇಯಲ್ಲಿ ಎಣ್ಣೆ ಕಾಯಿಸಿ, ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮೇಲಿನ ಅಂತಸ್ತಿನಲ್ಲಿ ಇಡುತ್ತೇನೆ. 160 ಡಿಗ್ರಿಯಲ್ಲಿ ಅವು ಬಣ್ಣ ತಿರುಗುವುದಿಲ್ಲ, ನಿಧಾನವಾಗಿ ಒಣಗುತ್ತವೆ. ತಿರುವು ಬರುವುದು ಮಾಂಸ ಹೊರಬಂದ ಮೇಲೆ. ತೊಡೆಯನ್ನು ಹಲಗೆಗೆ ವರ್ಗಾಯಿಸಿ, ಫಾಯಿಲ್ ಸಡಿಲವಾಗಿ ಹೊದಿಸುತ್ತೇನೆ. ಬಿಗಿಯಾಗಿ ಸುತ್ತಿದರೆ ಹಬೆ ಒಳಗೇ ಉಳಿದು ಮೇಲ್ಪದರ ಮೆತ್ತಗಾಗುತ್ತದೆ. ಮಾಂಸದ ಟ್ರೇಯನ್ನು ಒಂದು ಮೂಲೆಗೆ ಓರೆ ಮಾಡಿ ಹಿಡಿದರೆ ರಸ ತಳಕ್ಕೆ ಇಳಿದು, ಕೊಬ್ಬು ಮೇಲೆ ತಿಳಿಯಾಗಿ ತೇಲುತ್ತದೆ. ಬೆಳ್ಳುಳ್ಳಿ, ರೋಸ್‌ಮೇರಿಯ ಪರಿಮಳವನ್ನೆಲ್ಲ ಹೀರಿಕೊಂಡಿರುವುದು ಆ ಕೊಬ್ಬೇ. ಮೂರು ಚಮಚ ಎತ್ತಿ ಆಲೂಗಡ್ಡೆಯ ಮೇಲೆ ಹಾಕಿ, ಓವನ್ನನ್ನು 220ಕ್ಕೆ ಏರಿಸುತ್ತೇನೆ.

ಮಾಂಸಕ್ಕೆ ಬೇಕಾದ ಅರ್ಧ ಗಂಟೆಯ ವಿಶ್ರಾಂತಿಯೇ ಆಲೂಗಡ್ಡೆಗೆ ಬೇಕಾದ ಅರ್ಧ ಗಂಟೆಯ ಉರಿ. ನಡುವೆ ಒಮ್ಮೆ ಮಗುಚಿದರೆ ಸಾಕು. ಅಷ್ಟರಲ್ಲಿ ಉಳಿದ ರಸಕ್ಕೆ ಒಂದು ಚಮಚ ಮೈದಾ, ಒಂದು ಲೋಟ ಬಿಸಿ ಸಾರು, ಕೊನೆಗೆ ನಿಂಬೆರಸ ಸೇರಿಸಿ ಒಲೆಯ ಮೇಲೆ ಗ್ರೇವಿ ಕುದಿಸಿಕೊಳ್ಳುತ್ತೇನೆ.

ಮಾಂಸದ ಅಡಿಯಲ್ಲೇ ಆಲೂಗಡ್ಡೆ ಬೇಯಬೇಕು ಎನ್ನುವವರೂ ತಪ್ಪು ಹೇಳುತ್ತಿಲ್ಲ. ಅವರಿಗೆ ತೊಡೆಗಿಂತ ಭುಜದ ಭಾಗ ಒಳ್ಳೆಯದು. ಅದನ್ನು 150 ಡಿಗ್ರಿಯಲ್ಲಿ ಮುಚ್ಚಿ ನಾಲ್ಕು ಗಂಟೆ ಬಿಟ್ಟರೆ ಮಾಂಸ ಫೋರ್ಕಿಗೇ ಬಿಡಿಸಿಕೊಳ್ಳುತ್ತದೆ, ಆಲೂಗಡ್ಡೆ ಆ ರಸವನ್ನೆಲ್ಲ ಕುಡಿದು ಬೆಣ್ಣೆಯಾಗುತ್ತದೆ. ಅದರ ಸುಖ ಬೇರೆ, ಚಳಿಯ ದಿನಗಳಲ್ಲಿ ಅದನ್ನೂ ಮಾಡುತ್ತೇನೆ.

ತೊಡೆಯನ್ನು ಕತ್ತರಿಸುವುದು ಕೊನೆಯಲ್ಲಿ, ಆಲೂಗಡ್ಡೆ ಹೊರಬಂದ ಮೇಲೆ. ನಾರು ಯಾವ ದಿಕ್ಕಿಗೆ ಹರಿದಿದೆಯೆಂದು ನೋಡಿ, ಅದಕ್ಕೆ ಅಡ್ಡವಾಗಿ ತೆಳ್ಳಗೆ. ಹಲಗೆಯ ಮೇಲೆ ಇಳಿದ ರಸವನ್ನು ಗ್ರೇವಿಗೆ ಸುರಿಯುತ್ತೇನೆ. ಗ್ರೇವಿಯನ್ನು ಮಾಂಸದ ಮೇಲಷ್ಟೇ ಹಾಕಿ, ಆಲೂಗಡ್ಡೆಯನ್ನು ತಟ್ಟೆಯ ಇನ್ನೊಂದು ಬದಿಯಲ್ಲಿ, ಒಣಗಿದ್ದಂತೆಯೇ ಬಡಿಸುತ್ತೇನೆ.