ಗಣಿತದ ನೋಟ್‌ಬುಕ್: ಎಡ ಪುಟ ಮಕ್ಕಳದ್ದು

ಮಕ್ಕಳ ಗಣಿತದ ನೋಟ್‌ಬುಕ್ ಚೆನ್ನಾಗಿದೆಯಾ ಅಂತ ನೋಡಲು ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಹೋದ ತಿಂಗಳು ಮಾಡಿದ ಒಂದು ಲೆಕ್ಕದ ಹೆಸರು ಹೇಳುತ್ತೇನೆ. ಒಂದು ನಿಮಿಷದೊಳಗೆ ಹುಡುಕಿ ತೋರಿಸಬೇಕು. ಅಕ್ಷರ ಮುತ್ತಿನ ಹಾಗಿದ್ದು, ಕಂದು ಕಾಗದದ ಬೈಂಡ್ ಹಾಕಿ, ಎರಡು ಬಣ್ಣದಲ್ಲಿ ಶೀರ್ಷಿಕೆ ಬರೆದ ಪುಸ್ತಕಗಳು ಇದರಲ್ಲಿ ಜಾಸ್ತಿ ಸೋಲುತ್ತವೆ. ಯಾಕಂದ್ರೆ ಅವು ಟೀಚರಿಗೆ ತೋರಿಸಲು ಬರೆದದ್ದು. ಬರೆದವರೇ ಮತ್ತೆ ತೆರೆದು ನೋಡುವುದಿಲ್ಲ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. ನೋಟ್‌ಬುಕ್ ಮಕ್ಕಳಿಗೇ ಬೇಕು ಅನ್ನಿಸುವ ಹಾಗೆ ಮಾಡಲು ನಮ್ಮ ಕ್ಲಾಸಿನಲ್ಲಿ ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಮೊದಲ ಕೆಲಸ ಪುಟಗಳಿಗೆ ನಂಬರ್ ಹಾಕುವುದು. ಪೂರ್ತಿ ಪುಸ್ತಕಕ್ಕೆ, ಕೈಯಲ್ಲೇ. ಮೊದಲ ನಾಲ್ಕು ಪುಟ ಪರಿವಿಡಿಗೆ ಬಿಡಿಸುತ್ತೇನೆ. ಪರಿವಿಡಿಯಲ್ಲಿ 'ಅಭ್ಯಾಸ 5.2' ಅಂತ ಬರೆದರೆ ಪ್ರಯೋಜನವಿಲ್ಲ, ಅದು ಪಠ್ಯಪುಸ್ತಕದಲ್ಲೇ ಇದೆಯಲ್ವಾ. 'ಕೊನೆಯ ಪದ ಗೊತ್ತಿದ್ದಾಗ ಎಷ್ಟು ಪದಗಳಿವೆ ಅಂತ ಕಂಡುಹಿಡಿಯೋದು' ಅಂತ ಬರೆಯಬೇಕು (ಪದ ಅಂದರೆ ಇಲ್ಲಿ ಸಂಖ್ಯೆಗಳ ಸಾಲಿನಲ್ಲಿರುವ ಒಂದೊಂದು ಸಂಖ್ಯೆ). ಅಂದರೆ ಆ ಲೆಕ್ಕ ಏನು ಕೇಳುತ್ತೆ ಅನ್ನುವುದು ಮಕ್ಕಳದೇ ಮಾತಿನಲ್ಲಿ ಇರಬೇಕು. ಈ ಒಂದು ಸಾಲು ಬರೆಯಲು ಲೆಕ್ಕ ಅರ್ಥವಾಗಿರಲೇಬೇಕು.

ಇನ್ನು ಎಡ ಪುಟ, ಬಲ ಪುಟ. ಬಲಗಡೆ ಕ್ಲಾಸಿನಲ್ಲಿ ಮಾಡಿದ್ದು, ಮನೆಯಲ್ಲಿ ಮಾಡಿದ್ದು. ಎಡಗಡೆ ಪೂರ್ತಿ ಅವರದ್ದು. ಕಚ್ಚಾ ಲೆಕ್ಕ, ಚಿತ್ರ, ಎಲ್ಲಿ ತಪ್ಪಾಯಿತು, ಏನು ಗೊತ್ತಾಗಲಿಲ್ಲ, ಎಲ್ಲ ಅಲ್ಲೇ. ಒಬ್ಬ ತಾಯಿ ಬಂದು, "ಮೇಡಂ, ಅರ್ಧ ಪುಸ್ತಕ ಹಿಂಗೇ ಹೋದ್ರೆ ಬೇಗ ಮುಗಿಯುತ್ತಲ್ಲಾ" ಅಂದರು. ಅವರ ಮಾತು ಸರಿ, ಮನೆಯಲ್ಲಿ ಮೂರು ಮಕ್ಕಳಿದ್ದರೆ ಪುಸ್ತಕದ ಖರ್ಚು ಸಣ್ಣದಲ್ಲ. ಅದಕ್ಕೇ ನಮ್ಮಲ್ಲಿ ಬೇರೆ ರಫ್ ಬುಕ್ ಇಲ್ಲ. ರಫ್ ಬುಕ್ಕಿನ ಕೆಲಸವೆಲ್ಲ ಎಡ ಪುಟಕ್ಕೆ ಬಂತು, ಕಳೆದುಹೋಗುವುದೂ ತಪ್ಪಿತು.

ರಬ್ಬರ್ ಬಳಸುವ ಹಾಗಿಲ್ಲ. ತಪ್ಪಾದರೆ ಒಂದೇ ಅಡ್ಡ ಗೆರೆ ಎಳೆದು ಮುಂದೆ ಬರೆಯಬೇಕು, ಕೆಳಗಿನದು ಓದಲು ಬರಬೇಕು. ಒಂದು ಉದಾಹರಣೆ ಹೇಳುತ್ತೇನೆ. 3, 7, 11 ಹೀಗೆ ಪ್ರತಿ ಸಲ 4 ಸೇರಿಸುತ್ತಾ ಸಾಗುವ ಶ್ರೇಢಿಯ 11ನೇ ಪದ ಕೇಳಿದಾಗ ಒಬ್ಬಳು 3 + 11 × 4 = 47 ಅಂತ ಬರೆದಿದ್ದಳು. ಉತ್ತರ 43. ಅಳಿಸಿ 43 ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು ಬರುತ್ತಿತ್ತು. ಅವಳು ಎಡ ಪುಟದಲ್ಲಿ ಹೀಗೆ ಬರೆದಳು: 'ಮೊದಲ ಪದಕ್ಕೆ 4 ಸೇರಿಸಿಯೇ ಇಲ್ಲ. ಎರಡನೇ ಪದಕ್ಕೆ ಒಂದು ಸಲ. ಹಾಗಾದ್ರೆ 11ನೇ ಪದಕ್ಕೆ 10 ಸಲ.' ಇಷ್ಟು ಚೆನ್ನಾಗಿ ನಾನು ಬೋರ್ಡ್ ಮೇಲೆ ವಿವರಿಸಿರಲಿಲ್ಲ. ಮರುದಿನ ಅವಳ ಮೂರು ವಾಕ್ಯವನ್ನೇ ಇಡೀ ಕ್ಲಾಸಿಗೆ ಓದಿಸಿದೆ.

ಸ್ಟೆಪ್ ಬರೆಯಿಸುವುದೇ ದೊಡ್ಡ ಕಷ್ಟ. ಒಂದು ಸಾಲಿಗೆ ಒಂದೇ ಸ್ಟೆಪ್, ಸಮ ಚಿಹ್ನೆಗಳು ಒಂದರ ಕೆಳಗೆ ಒಂದು. ಇದು ಅಂದಕ್ಕಲ್ಲ. '5 + 3 = 8 × 2 = 16' ಅಂತ ಅಡ್ಡಕ್ಕೆ ಬರೆಯುತ್ತಾ ಹೋಗುವ ಮಗು 5 + 3 ಅಂದರೆ 16 ಅಂತ ಬರೆದ ಹಾಗಾಯಿತು. ಲೆಕ್ಕ ಗೊತ್ತಿದೆ, ಬರವಣಿಗೆ ಸುಳ್ಳು ಹೇಳುತ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಲಿಖಿತ ಪರೀಕ್ಷೆಗೆ ಸ್ಟೆಪ್ಪಿಗೂ ಅಂಕ ಸಿಗುತ್ತದೆ ಅನ್ನುವುದು ಮಕ್ಕಳಿಗೆ ಗೊತ್ತು, ಆದರೂ ನಡುವಿನ ಸಾಲು ಹಾರಿಸುತ್ತಾರೆ.

ಡಿಸೆಂಬರ್ 22ರ ಗಣಿತ ದಿನದಂದು ಒಬ್ಬ ಹುಡುಗ ಕೇಳಿದ, "ಮೇಡಂ, ರಾಮಾನುಜನ್ ಸ್ಟೆಪ್ಸ್ ಬರೀತಾನೇ ಇರ್ಲಿಲ್ವಂತೆ?" ಒಳ್ಳೆಯ ಪ್ರಶ್ನೆ. ನಾನು ಇದ್ದದ್ದನ್ನೇ ಹೇಳಿದೆ. ಅವರಿಗೆ ಕಾಗದ ಕೊಳ್ಳಲು ದುಡ್ಡಿರಲಿಲ್ಲ, ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಕೊನೆಗೆ ಬಂದದ್ದನ್ನಷ್ಟೇ ನೋಟ್‌ಬುಕ್‌ಗೆ ಇಳಿಸುತ್ತಿದ್ದರು. ಅವರು ತೀರಿಕೊಂಡದ್ದು 1920ರಲ್ಲಿ. ಆ ನೋಟ್‌ಬುಕ್‌ಗಳಲ್ಲಿದ್ದ ಸಾವಿರಾರು ಫಲಿತಾಂಶಗಳಿಗೆ ಸಾಧನೆ, ಅಂದರೆ ಅವು ಯಾಕೆ ಸರಿ ಅಂತ ತೋರಿಸುವ ಸ್ಟೆಪ್ಪುಗಳನ್ನು, ಕೊಡುತ್ತಾ ಬ್ರೂಸ್ ಬರ್ಂಟ್ ಅನ್ನುವ ಅಮೆರಿಕದ ಗಣಿತಜ್ಞ 1985ರಿಂದ 1998ರವರೆಗೆ ಐದು ಸಂಪುಟ ತಂದರು. ಸ್ಲೇಟಿನ ಮೇಲಿದ್ದದ್ದು ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆ ಹುಡುಗನೇ ಹೇಳಿದ. ಅವನು ಆಮೇಲೂ ಸಾಲು ಹಾರಿಸುತ್ತಾನೆ, ಮೊದಲಿಗಿಂತ ಕಮ್ಮಿ ಅಷ್ಟೆ.

ಪುಸ್ತಕದ ಕೊನೆಯಿಂದ ಸೂತ್ರಗಳ ಪುಟ ಶುರು. ಬರೀ ಸೂತ್ರ ಗೈಡ್‌ನಲ್ಲೂ ಸಿಗುತ್ತೆ. ಇಲ್ಲಿ ಸೂತ್ರದ ಪಕ್ಕ ಎರಡು ಕಾಲಂ: ಯಾವಾಗ ಬಳಸಬೇಕು, ಯಾವಾಗ ಬಳಸಬಾರದು. ಎರಡನೆಯದೇ ಮುಖ್ಯ. ಲಂಬಕೋನ ಇಲ್ಲದ ತ್ರಿಭುಜಕ್ಕೆ ಪೈಥಾಗೊರಸ್ ಹಾಕಬೇಡ. ಶಂಕುವಿನ ಘನಫಲಕ್ಕೆ ಎತ್ತರ ಬೇಕು, ಓರೆ ಎತ್ತರ ಅಲ್ಲ.

ಇಷ್ಟೆಲ್ಲ ಮಾಡಿಸಿದರೂ ಮಕ್ಕಳು ಪುಸ್ತಕ ತೆರೆಯಲು ಕಾರಣ ಬೇಕು. ಆ ಕಾರಣ ಶನಿವಾರದ ಪರೀಕ್ಷೆ. ಹತ್ತು ನಿಮಿಷ, ಮೊದಲೇ ಮಾಡಿದಂಥದ್ದೇ ಮೂರು ಲೆಕ್ಕ, ಅಂಕಿ ಮಾತ್ರ ಬೇರೆ. ತಮ್ಮ ನೋಟ್‌ಬುಕ್ ನೋಡಿ ಬರೆಯಬಹುದು, ಪಠ್ಯಪುಸ್ತಕ ನೋಡುವ ಹಾಗಿಲ್ಲ, ಪಕ್ಕದವರದ್ದೂ ಇಲ್ಲ. ಪರಿವಿಡಿ ಬರೆಯದವರು ಪುಟ ತಿರುವುತ್ತಲೇ ಕೂರುತ್ತಾರೆ, ಗಂಟೆ ಹೊಡೆದುಬಿಡುತ್ತದೆ. ಇದು ಶುರುವಾದ ಮೇಲೆ "ಪರಿವಿಡಿ ಬರೀರಿ" ಅಂತ ನಾನು ಹೇಳುವುದೇ ತಪ್ಪಿತು. "ಮೇಡಂ, ಇದು ಬರ್ಕೊಳ್ಬೇಕಾ?" ಅನ್ನುವ ಪ್ರಶ್ನೆಯೂ ಕಮ್ಮಿಯಾಯಿತು. ಏನು ಬೇಕಾಗಬಹುದು ಅಂತ ಅವರೇ ಯೋಚಿಸುತ್ತಾರೆ.

ನಿಧಾನವಾಗಿ ಬರೆಯುವವರಿಗೆ ಇದು ಭಾರ ಆಗಬಾರದು. ನಾನು ವಿವರಿಸುವಾಗ ಎಲ್ಲರ ಪೆನ್ ಕೆಳಗೆ. ಮುಗಿದ ಮೇಲೆ ಬರೆದುಕೊಳ್ಳಲು ಸಮಯ ಕೊಟ್ಟು ನಾನು ಸುಮ್ನೆ ನಿಲ್ಲುತ್ತೇನೆ. ಕೇಳುತ್ತಾ ಬರೆಯುವವರು ಎರಡನ್ನೂ ಅರ್ಧ ಮಾಡುತ್ತಾರೆ. ರಜೆ ಹಾಕಿದವರು ತಾರೀಖು ಬರೆದು ಒಂದು ಪುಟ ಬಿಡುತ್ತಾರೆ. ಗೆಳತಿಯ ಪುಸ್ತಕ ಪೂರ್ತಿ ಇಳಿಸಿಕೊಳ್ಳಬೇಕಿಲ್ಲ, ಒಂದು ಉದಾಹರಣೆ ಅವಳಿಂದ ಹೇಳಿಸಿಕೊಂಡು ಬರೆದರೆ ಸಾಕು.

ತಿದ್ದುವ ವಿಷಯ ಅನೇಕ ಶಿಕ್ಷಕರು ಕೇಳುತ್ತಾರೆ. ಐವತ್ತು ಮಕ್ಕಳ ಎಲ್ಲ ಲೆಕ್ಕಕ್ಕೂ ಕೆಂಪು ಗುರುತು ಹಾಕುತ್ತಾ ಕೂತರೆ ಪಾಠಕ್ಕೆ ತಯಾರಾಗುವುದು ಯಾವಾಗ? ಉತ್ತರಗಳನ್ನು ಬೋರ್ಡ್ ನೋಡಿ ಅವರೇ ತಾಳೆ ಹಾಕುತ್ತಾರೆ. ದಿನಕ್ಕೆ ಐದು ಪುಸ್ತಕ, ಹಾಜರಿ ಸಂಖ್ಯೆಯ ಪ್ರಕಾರ, ನಾನು ನೋಡುವುದು ಎಡ ಪುಟ ಮಾತ್ರ. ಅಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ, 'ಇಲ್ಲಿ ಯಾಕೆ ಕಳೆದೆ?' ಅಂತ. ಮುಂದಿನ ಸಲ ಆ ಪುಸ್ತಕ ಬಂದಾಗ ಉತ್ತರ ಇರಬೇಕು. ತಪಾಸಣೆಗೆ ಬಂದವರು ಗೆರೆ ಹೊಡೆದ ಪುಟ ನೋಡಿ ಏನಂದುಕೊಳ್ಳುತ್ತಾರೋ ಅನ್ನುವ ಭಯ ಇದ್ದರೆ, ಮೊದಲ ಪುಟದಲ್ಲೇ ಒಂದು ಚೀಟಿ ಅಂಟಿಸಿ: ತಪ್ಪುಗಳನ್ನು ಬೇಕೆಂದೇ ಅಳಿಸಿಲ್ಲ. ನಮ್ಮಲ್ಲಿ ಹಾಗೇ ಮಾಡಿದ್ದೇವೆ, ಯಾರೂ ಆಕ್ಷೇಪಿಸಿಲ್ಲ.

ಏಪ್ರಿಲ್‌ನಲ್ಲಿ ಒಂಬತ್ತನೇ ತರಗತಿಯವರಿಗೆ ಒಂದೇ ಕೋರಿಕೆ, ಪುಸ್ತಕ ರದ್ದಿಗೆ ಹಾಕಬೇಡಿ. ಬಹುಪದೋಕ್ತಿ, ಸಂಖ್ಯಾಶಾಸ್ತ್ರ, ಮೇಲ್ಮೈ ವಿಸ್ತೀರ್ಣ ಎಲ್ಲ ಹತ್ತರಲ್ಲಿ ಮತ್ತೆ ಬರುತ್ತವೆ. ಶಾಲೆ ಶುರುವಾದ ವಾರವೇ ಹಳೆಯ ಪುಸ್ತಕ ತರಿಸಿ, ತಮ್ಮದೇ ಎಡ ಪುಟಗಳಿಂದ ಐದು ತಪ್ಪು ಆರಿಸಿ, ಅವನ್ನು ಮತ್ತೆ ಬಿಡಿಸಿ ಹೊಸ ಪುಸ್ತಕದಲ್ಲಿ ಬರೆಯಲು ಹೇಳುತ್ತೇನೆ. ಹತ್ತನೇ ತರಗತಿಯ ಮೊದಲ ಹೋಂ ವರ್ಕ್ ಅದೇ.